ಬಾವಿಗೆ ಬಿದ್ದ ಇಂಗ್ಲಿಷ್

ಕಳೆದ ವಾರ ನಾನೊಂದು ಒಳ್ಳೆಯ ಬಾವಿಯನ್ನು ಕೆಡಿಸಿದೆ. ಕಸ ಸುರಿಯಲಿಲ್ಲ, ಕಲ್ಲು ಎತ್ತಿ ಹಾಕಲಿಲ್ಲ. ಒಂದೇ ಒಂದು ಪದ ಹಾಕಿದೆ, ಅಷ್ಟೆ.

ನಾನು ಯಲಹಂಕದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು ಎಂಬುದು ನಿಮಗೆ ಗೊತ್ತೇ ಇದೆ. (ಮರೆಯಲು ನಾನು ಬಿಟ್ಟರೆ ತಾನೆ?) ಮನೆ ಮಾತ್ರ ಅಟ್ಟೂರಿನಲ್ಲಿ. ಅಲ್ಲಿಯ ಪ್ರೈಮರಿ ಸ್ಕೂಲಿಗೆ ಬಾವಿಯಿಲ್ಲ. ಮಕ್ಕಳೆಲ್ಲ ನೀರು ಕುಡಿಯುವುದು ಸ್ಕೂಲಿನ ಎದುರು ಮನೆಯ ಅಕ್ಕಯ್ಯಮ್ಮನ ಬಾವಿಯಲ್ಲಿ. ಗಂಡನ ಜೊತೆ ತಾವೇ ಮಣ್ಣು ಹೊತ್ತು ತೋಡಿದ ಬಾವಿ ಅದು. ಗಂಡ ಈಗಿಲ್ಲ, ಮಕ್ಕಳಾಗಲಿಲ್ಲ. ಮಧ್ಯಾಹ್ನ ಸ್ಕೂಲಿನ ಬೆಲ್ ಹೊಡೆಯುವ ಹೊತ್ತಿಗೆ ಕೊಡಗಳಲ್ಲಿ ನೀರು ಸೇದಿಟ್ಟುಕೊಂಡು, ಬಂದ ಬೊಗಸೆಗೆಲ್ಲ ಸುರಿಯುತ್ತಾರೆ. ಅವರಿಗೆ ದಿನವೂ ಅದೇ ಹಬ್ಬ.

ಹೋದ ತಿಂಗಳು ಹೆಲ್ತ್ ಇನ್ಸ್‌ಪೆಕ್ಟರು ಬಂದು ಊರಿನ ನಾಲ್ಕು ಬಾವಿಗಳ ನೀರನ್ನು ಸೀಸೆಯಲ್ಲಿ ತುಂಬಿಕೊಂಡು ಹೋಗಿದ್ದರು. ಸೋಮವಾರ ರಿಪೋರ್ಟು ಬಂತು. ಪಂಚಾಯ್ತಿ ಚೇರ್ಮನ್ನರು ಅದನ್ನು ನೇರವಾಗಿ ನನ್ನ ಕೈಗಿಟ್ಟರು.

"ಕನ್ನಡದಾಗೆ ಬರ್ಕೊಡಿ ಮೇಷ್ಟ್ರೇ, ಸ್ಕೂಲ್ ಬಾಗ್ಲಿಗೆ ಅಂಟಿಸ್ಬೇಕು."

ಮೂರು ಬಾವಿಗಳ ಮುಂದೆ ‘ಗುಡ್’ ಎಂದಿತ್ತು. ಅಕ್ಕಯ್ಯಮ್ಮನ ಬಾವಿಯ ಮುಂದೆ ಮಾತ್ರ ‘ಹಾರ್ಡ್’.

ಹಾರ್ಡ್ ಅಂದರೆ ಕಷ್ಟ. ಅಷ್ಟೂ ಗೊತ್ತಿಲ್ಲದವನು ಇಂಗ್ಲಿಷ್ ಮೇಷ್ಟ್ರೇ? ಡಿಕ್ಷನರಿ ತೆಗೆಯುವ ಗೋಜಿಗೂ ಹೋಗದೆ ದುಂಡಗೆ ಬರೆದುಕೊಟ್ಟೆ: ‘ಈ ಬಾವಿಯ ನೀರು ಕುಡಿಯುವುದು ಕಷ್ಟ.’

ಮರುದಿನದಿಂದ ಮಕ್ಕಳು ಮನೆಯಿಂದಲೇ ನೀರು ತಂದರು. ಅಕ್ಕಯ್ಯಮ್ಮ ಸೇದಿಟ್ಟ ನೀರು ಕೊಡದಲ್ಲೇ ಉಳಿಯಿತು. ಎರಡು ದಿನ ಕಾದು, ಮೂರನೆಯ ದಿನ ಬೆಳಿಗ್ಗೆ ಅವರು ಹಿತ್ತಾಳೆ ಚೊಂಬು ಹಿಡಿದು ನಮ್ಮ ಜಗಲಿಗೇ ಬಂದರು.

"ನನ್ ನೀರು ಕುಡಿಯಾಕೆ ಕಷ್ಟ ಅಂತ ಬರ್ದೋರು ನೀವೇಯಾ ಮೇಷ್ಟ್ರೇ?"

"ಇಂಗ್ಲಿಷಿನಲ್ಲಿ ಹಾಗಿತ್ತಮ್ಮ..."

"ತಕ್ಕಳಿ, ಕುಡೀರಿ. ಏನ್ ಕಷ್ಟ ಆಯ್ತದೆ, ನಂಗೂ ವಸಿ ಏಳಿ."

ಗಟಗಟ ಕುಡಿದೆ. ಕಷ್ಟವೇನು ಬಂತು? ತಣ್ಣಗೆ, ಸುಖವಾಗಿ ಇಳಿಯಿತು. ಕಷ್ಟವಾದದ್ದು ಆಕೆಯ ಮುಖ ನೋಡುವುದು.

"ಸೋಪು ನೊರೆ ಬರಾಕಿಲ್ಲ, ಅದು ನಿಜ. ಬೇಳೆ ಬೇಯಾಕೂ ಎರಡು ಸೌದೆ ಜಾಸ್ತಿ ಬೇಕು. ನಮ್ದು ಗಡಸು ನೀರು ಕಣ್ ಮೇಷ್ಟ್ರೇ. ಗಡಸು ಅಂದ್ರೆ ಇಸಾನಾ?"

ಗಡಸು! ಹಣೆ ಚಚ್ಚಿಕೊಂಡೆ. ಬಿ.ಎ. ಓದಿದ ನನ್ನ ಬೇಳೆ ಆ ನೀರಿನಲ್ಲಿ ಬೇಯಲೇ ಇಲ್ಲ.

ಸೈಕಲ್ ತುಳಿದುಕೊಂಡು ಇನ್ಸ್‌ಪೆಕ್ಟರ ಹತ್ತಿರ ಓಡಿದೆ. ಅವರು ನಕ್ಕರು.

"ನೊರೆ ಬರಲ್ಲ ಅಂತಷ್ಟೇ ಸಾರ್. ಕುಡಿಯೋಕೆ ಫಸ್ಟ್ ಕ್ಲಾಸ್ ನೀರು."

"ಹಾಗಂತ ಬರೀಬಾರದಾಗಿತ್ತೇನ್ರೀ?"

"ಕಾಲಂ ಚಿಕ್ಕದು ಸಾರ್, ಜಾಗ ಸಾಲ್ಲಿಲ್ಲ."

ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಆ ಪದವನ್ನು ಬೈದೆ. ನೀವೇ ನೋಡಿ, ಇಂಗ್ಲಿಷಿನವನಿಗೆ ಕಲ್ಲೂ ಹಾರ್ಡ್, ಲೆಕ್ಕವೂ ಹಾರ್ಡ್, ಮನಸ್ಸೂ ಹಾರ್ಡ್, ನೀರೂ ಹಾರ್ಡ್. ಒಂದೇ ಅಂಗಿಯನ್ನು ಮನೆಮಂದಿಯೆಲ್ಲ ತೊಟ್ಟ ಹಾಗೆ! ಬಾಲಕ್ಕೊಂದು ‘ಲಿ’ ಕಟ್ಟಿದರಂತೂ ಅರ್ಥವೇ ಪಲ್ಟಿ. ಕಷ್ಟಪಟ್ಟು ಓದುತ್ತಿದ್ದೇನೆ ಎನ್ನಲು ಹೊರಟ ನನ್ನ ಶಿಷ್ಯನೊಬ್ಬ ‘ಹಾರ್ಡ್‌ಲಿ ಓದುತ್ತೇನೆ’ ಎಂದು ಬರೆದಿದ್ದ. ಅಂದರೆ ಪುಸ್ತಕವನ್ನೇ ಮುಟ್ಟುವುದಿಲ್ಲ ಎಂದಾಯಿತು. (ನಿಜವೂ ಅದೇ.)

ನಮ್ಮಲ್ಲೋ? ಕಲ್ಲು ಗಟ್ಟಿ, ಲೆಕ್ಕ ಕಷ್ಟ, ಮನಸ್ಸು ಕಠಿಣ, ನೀರು ಗಡಸು. ಯಾರ ಅಂಗಿ ಅವರವರಿಗೆ. ಸ್ಕೂಲಿನ ಮೆಟ್ಟಿಲು ಹತ್ತದ ಅಕ್ಕಯ್ಯಮ್ಮನಿಗೆ ಯಾವುದನ್ನು ಎಲ್ಲಿ ಹಾಕಬೇಕೆಂದು ಗೊತ್ತು. ಇಂಗ್ಲಿಷಿನ ಅನ್ನ ತಿನ್ನುವವನು ನಾನು. ಆದರೂ ನಮ್ಮ ಭಾಷೆಯ ಬಗ್ಗೆ, ಆ ಹೆಂಗಸಿನ ಬಗ್ಗೆ ಅವತ್ತು ನನ್ನ ಎದೆ ಉಬ್ಬಿತು. ಉಬ್ಬಲಿ ಬಿಡಿ, ತಪ್ಪೇನು?

ಶುಕ್ರವಾರ ಮಧ್ಯಾಹ್ನ ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದೆ: ‘ಈ ಬಾವಿಯ ನೀರು ಗಡಸು. ಕುಡಿಯಲು ಬಲು ಚೆನ್ನ. ಹಿಂದಿನ ತಪ್ಪು ನನ್ನದು.’ ಮಕ್ಕಳ ಮುಂದೆ ನಿಂತು ಓದಿಯೂ ಹೇಳಿದೆ. ನಾಚಿಕೆಯಾಯಿತು, ಆಗಬೇಕಾದದ್ದೇ.

ಬೆಲ್ ಹೊಡೆಯಿತು. ಮಕ್ಕಳು ಬಾವಿಕಟ್ಟೆಗೆ ನುಗ್ಗಿದರು. ನಾನೂ ಹೋಗಿ ಸಾಲಿನಲ್ಲಿ ನಿಂತು ಬೊಗಸೆ ಒಡ್ಡಿದೆ.

"ತಪ್ಪಾಯ್ತು ಅಕ್ಕಯ್ಯಮ್ಮ. ಇನ್ಸ್‌ಪೆಕ್ಟರಿಗೆ ಹೇಳಿ ನಿಮ್ಮ ಬಾವಿಗೂ ‘ಗುಡ್’ ಅಂತಲೇ ಬರೆಸ್ತೀನಿ."

ಅವರು ನೀರು ಸುರಿಯುತ್ತಲೇ ಇದ್ದರು.

"ಬ್ಯಾಡ ಬುಡಿ. ಗುಡ್ಡು ಯಾರಿಗ್ ಬರಾಕಿಲ್ಲ? ಮೇಷ್ಟ್ರಿಗೇ ಬಾರದಿರೋ ಇಂಗ್ಲೀಸು ಬಂದಿರೋದು ನನ್ ಬಾವಿ ಒಂದ್ಕೇಯಾ!"