ಮಳೆಮರದ ಬೀಜ ಮತ್ತು ಚನ್ನಮಲ್ಲಮ್ಮನ ಕೊಟ್ಟಿಗೆ

ಕೊಳ್ಳೇಗಾಲದ ನೇಕಾರರ ಬೀದಿಯ ಮುದ್ದಯ್ಯನವರ ಮಗಳು ವಾಣಿಶ್ರೀಗೆ ಆ ಬೇಸಿಗೆಯಲ್ಲಿ ಬೇಕಾಗಿದ್ದದ್ದು ಒಂದು ಹಸುವಿನ ಒಂದು ವಾರದ ಸಗಣಿ, ಅಷ್ಟೇ. ಹಳ್ಳಿಗಳಿಂದಲೇ ಸುತ್ತುವರಿದ ಊರಿನಲ್ಲಿ ಸಗಣಿಗೆ ಇಷ್ಟು ಪರದಾಡಬೇಕಾಗುತ್ತದೆ ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ವಾಣಿಶ್ರೀ ಊರಿನ ಒಂದು ಖಾಸಗಿ ಕಾಲೇಜಿನಲ್ಲಿ ಜೀವಶಾಸ್ತ್ರದ ಪಾಠ ಹೇಳುತ್ತ, ಬಿಡುವಿದ್ದಾಗ ಮೈಸೂರಿಗೆ ಓಡಾಡಿಕೊಂಡು ಪಿಎಚ್‌.ಡಿ. ಮಾಡುತ್ತಿದ್ದಳು. ಅವಳು ಓದುತ್ತಿದ್ದದ್ದು ದಕ್ಷಿಣ ಅಮೆರಿಕದಲ್ಲಿದ್ದು ಅಳಿದುಹೋದ ದೈತ್ಯ ಸ್ಲಾತ್ ಬಗ್ಗೆ. ಈಗಿನ ಸ್ಲಾತ್ ಕೊಂಬೆಗೆ ಜೋತುಬಿದ್ದು ನಿದ್ದೆ ಹೊಡೆಯುವ ಸಣ್ಣ ಪ್ರಾಣಿ. ಅದರ ಹಳೆಯ ದಾಯಾದಿ ನೆಲದ ಮೇಲೆ ಓಡಾಡುತ್ತಿತ್ತು. ಆನೆಯಷ್ಟು ತೂಕ, ಮೊಳದುದ್ದದ ಉಗುರು. ಹಿಂಗಾಲಿನ ಮೇಲೆ ಎದ್ದು ನಿಂತು ಕೊಂಬೆ ಬಗ್ಗಿಸಿ ಮೇಯುತ್ತಿತ್ತೆಂದು ತಿಳಿದವರು ಹೇಳುತ್ತಾರೆ. ಅದು ಅಳಿದು ಹತ್ತು ಸಾವಿರ ವರ್ಷದ ಮೇಲಾಯಿತು.

ಆ ಪ್ರಾಣಿಗೂ ಕೊಳ್ಳೇಗಾಲಕ್ಕೂ ಏನು ಸಂಬಂಧ ಎಂದರೆ, ಮಳೆಮರ. ಹನೂರಿನ ರಸ್ತೆಯ ಉದ್ದಕ್ಕೂ ನೆರಳು ಹಾಸಿಕೊಂಡು ನಿಂತ ಈ ಮರದ ತವರು ಅಮೆರಿಕದ ಆ ಭಾಗವೇ. ಬೇಸಿಗೆಯಲ್ಲಿ ಅದರ ಕಪ್ಪು ಕಾಯಿ ಉದುರಿ ಚಪ್ಪಲಿಗೆ ಬೆಲ್ಲದ ಪಾಕದ ಹಾಗೆ ಅಂಟುತ್ತದೆ. ಅಷ್ಟು ಸಿಹಿಯಾದ ತಿರುಳನ್ನು ಮರ ಸುಮ್ಮನೆ ಮಾಡುವುದಿಲ್ಲ. ಯಾವುದೋ ದೊಡ್ಡ ಪ್ರಾಣಿ ತಿನ್ನಲಿ, ಬೀಜವನ್ನು ದೂರ ಒಯ್ದು ಸಗಣಿಯಲ್ಲಿ ಹಾಕಲಿ ಎಂದು ಮಾಡುತ್ತದೆ. ತವರಿನಲ್ಲಿ ಆ ಕೆಲಸ ಮಾಡುತ್ತಿದ್ದದ್ದು ದೈತ್ಯ ಸ್ಲಾತೇ ಇರಬಹುದೇ? ಅದರ ಹಲ್ಲಿಗೆ ಸಿಕ್ಕ ಬೀಜ ಉಳಿಯುತ್ತಿತ್ತೇ? ಇದು ವಾಣಿಶ್ರೀಯ ಪ್ರಶ್ನೆ.

ಈ ಪ್ರಶ್ನೆಯನ್ನು ಬೇರೆಯವರಿಗೆ ತಿಳಿಸಿ ಹೇಳುವುದರಲ್ಲೇ ಅವಳ ಅರ್ಧ ಜೀವ ಹೋಗಿತ್ತು. ತಾಯಿ ಸರಸ್ವತಮ್ಮ ಸ್ಲಾತ್ ಎಂದರೆ ಒಂದು ಜಾತಿಯ ಕರಡಿ ಎಂದುಕೊಂಡು, ಮನೆಗೆ ಬಂದವರಿಗೆಲ್ಲ "ಕರಡಿ ಮೇಲೆ ಓದ್ತಾ ಇದ್ದಾಳೆ" ಎಂದು ಹೇಳಿ ಮುಗಿಸುತ್ತಿದ್ದರು. ಪಕ್ಕದಲ್ಲೇ ಬಿಳಿಗಿರಿರಂಗನ ಬೆಟ್ಟ ಇಟ್ಟುಕೊಂಡು ಹುಲಿ ಬಿಟ್ಟು ಸತ್ತ ಪ್ರಾಣಿಯ ಹಿಂದೆ ಯಾಕೆ ಬಿದ್ದಿರಿ ಎಂದು ಪ್ರಿನ್ಸಿಪಾಲರು ಸ್ಟಾಫ್ ಮೀಟಿಂಗಿನಲ್ಲೇ ಕೇಳಿದ್ದರು. ಮೊದಮೊದಲು ಅವಳು ವಿವರವಾಗಿ ಉತ್ತರ ಹೇಳುತ್ತಿದ್ದಳು. ಆಮೇಲಾಮೇಲೆ "ಹೌದು ಸಾರ್" ಎಂದು ಸುಮ್ಮನಾಗುವುದನ್ನು ಕಲಿತಳು.

ಆ ಪ್ರಾಣಿಯ ದವಡೆಯ ನಕಲು ಮಾಡುವ ಕೆಲಸ ಹೇಗೋ ನಡೆದಿತ್ತು. ಹೊರದೇಶದ ಮ್ಯೂಸಿಯಮ್ಮೊಂದು ಕಳಿಸಿದ ಸ್ಕ್ಯಾನ್‌ನಿಂದ ಮೈಸೂರಿನಲ್ಲಿ ಹಲ್ಲಿನ ಸಾಲನ್ನು ಪ್ರಿಂಟ್ ಮಾಡಿಸಿ, ಕಬ್ಬಿಣದ ಚೌಕಟ್ಟಿಗೆ ಬಿಗಿದು, ತಂದೆಯ ಮಗ್ಗದ ಕೋಣೆಯ ಮೂಲೆಯಲ್ಲಿ ನಿಲ್ಲಿಸಿದ್ದಳು. ತೂಕ ಹೇರಿದರೆ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮೇಲೆ ನೇರವಾಗಿ ಬಂದು ಕೂರುತ್ತಿತ್ತು. ದನದ ಹಾಗೆ ಅಡ್ಡಡ್ಡ ಅರೆಯುವ ದವಡೆಯಲ್ಲ ಅದು, ಕತ್ತರಿಸುವ ದವಡೆ. ಕಾಯಿ ಇಟ್ಟು ಒತ್ತಿದಾಗ ಕೆಲವು ಬೀಜ ಹೋಳಾಗುತ್ತಿದ್ದವು, ಕೆಲವು ಹಲ್ಲಿನ ಏಣುಗಳ ನಡುವಿನ ತಗ್ಗಿಗೆ ಜಾರಿ ಇಡಿಯಾಗಿ ಹೊರಗೆ ಬರುತ್ತಿದ್ದವು. ಅಷ್ಟರಲ್ಲಿ ತಿರುಳಿನ ಸಿಹಿಗೆ ಇರುವೆ ಮುತ್ತಿ, ಸಾಲುಗಟ್ಟಿ ಮಗ್ಗದ ಕಡೆಗೇ ಹೊರಟವು.

ಮುದ್ದಯ್ಯನವರು ಕೆಲಸ ನಿಲ್ಲಿಸಿ ಎದ್ದು ಬಂದರು. "ನೋಡಮ್ಮಾ, ನಿನ್ನ ಪ್ರಾಣಿ ಎಷ್ಟಾದರೂ ತಿನ್ನಲಿ. ರೇಷ್ಮೆ ಹತ್ರ ಅಂಟು ತರಬೇಡ" ಎಂದು ದವಡೆಯನ್ನು ತಾವೇ ಎತ್ತಿ ಬಚ್ಚಲ ಪಕ್ಕಕ್ಕೆ ಸಾಗಿಸಿದರು.

ಹಲ್ಲಿನ ಕಥೆ ಹೀಗಾದರೆ ಹೊಟ್ಟೆಯ ಕಥೆ ಬೇರೆ. ಸ್ಲಾತ್‌ನ ಹೊಟ್ಟೆ ಎಲ್ಲಿಂದ ತರುವುದು? ಈಗ ಆ ಕಾಯಿ ತಿನ್ನುವುದು ದನಗಳು. ದನದ ಹೊಟ್ಟೆ ದಾಟಿ ಬಂದ ಬೀಜ ಮೊಳೆಯುತ್ತದೆಯೇ ಎಂದು ಎಣಿಸಿ ತೋರಿಸು, ಹೋಲಿಸಲು ಒಂದು ಆಧಾರವಾಗುತ್ತದೆ ಎಂದು ಅವಳ ಗೈಡ್ ಹೇಳಿದರು. ಹಾಗಾಗಿ ವಾಣಿಶ್ರೀ ಮಧುವನಹಳ್ಳಿಯ ಚನ್ನಮಲ್ಲಮ್ಮನ ಮನೆಗೆ ಹೋದಳು. ಆಕೆಯ ಮಗ ಶಾಂತಮೂರ್ತಿ ಅವಳ ಜೊತೆ ಶಾಲೆಯಲ್ಲಿ ಓದಿದವನು. ಈಗ ಅರಿಶಿನ, ಕಬ್ಬು ಬೆಳೆದುಕೊಂಡು ಊರಲ್ಲೇ ಇದ್ದ. ಚನ್ನಮಲ್ಲಮ್ಮ ಎಲ್ಲದಕ್ಕೂ ತಲೆಯಾಡಿಸಿದರು. ಎಣಿಸಿ ಕೊಟ್ಟ ಕಾಯಿಯನ್ನಷ್ಟೇ ಹಸುವಿಗೆ ತಿನ್ನಿಸಬೇಕು, ಹಸುವನ್ನು ಹೊರಗೆ ಬಿಡಬಾರದು, ಸಗಣಿಯನ್ನು ಮುಟ್ಟಬಾರದು. ಮೂರೇ ಮಾತು.

ಮಾರನೆಯ ಬೆಳಿಗ್ಗೆ ಬಕೆಟ್ಟು, ಜರಡಿ ಹಿಡಿದು ಹೋದರೆ ಕೊಟ್ಟಿಗೆ ಫಳಫಳ ಹೊಳೆಯುತ್ತಿತ್ತು. ಬಾಗಿಲಲ್ಲಿ ರಂಗೋಲಿ ಕೂಡ ಬಿದ್ದಿತ್ತು.

"ಬನ್ನಿ ಮೇಡಮ್ನೋರೇ. ಎಲ್ಲಾನೂ ತೊಳ್ದು ಮಡಗಿವ್ನಿ" ಎಂದರು ಚನ್ನಮಲ್ಲಮ್ಮ.

"ಸಗಣಿ ಎಲ್ಲಮ್ಮಾ?"

"ತಿಪ್ಪಗ ಆಕ್ಬುಟ್ಟಿ."

"ಮುಟ್ಟಬೇಡಿ ಅಂದಿದ್ದೆನಲ್ಲ."

"ಅಂದಿದ್ರಿ ಕನವ್ವ. ಓದ್ಸೋ ಮೇಡಮ್ಮು ಬಂದು ಸಗಣಿ ತುಳ್ಕಂಡು ನಿಂತ್ಕಂಡ್ರ ಊರೋರು ನನ್ನ ಯಾನ ಅಂದಾರು?"

ವಾಣಿಶ್ರೀ ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅದರ ಮಾರನೆಯ ದಿನ ಒಂದು ಮಂಕರಿಯ ತುಂಬ ಸಗಣಿ ಕಾದಿತ್ತು. ಅವಳ ಎದೆ ಹಗುರಾಯಿತು. ಆದರೆ ಒಂದು ಹಸು ಇಷ್ಟು ಹಾಕುವುದುಂಟೇ ಎಂದು ಅನುಮಾನ ಬಂತು.

"ನಮ್ಮ ಅಸೀನ್ದು ಕಮ್ಮಿ ಆಗದ ಅನ್ನುಸ್ತು. ಪಕ್ಕದ್ಮನ ಅಸೀನ್ದೂ ಸೇರ್ಸಿವ್ನಿ" ಎಂದರು ಚನ್ನಮಲ್ಲಮ್ಮ, ಉಪಕಾರ ಮಾಡಿದ ಸಂತೋಷದಲ್ಲಿ.

ಮತ್ತೆ ಮೊದಲಿನಿಂದ ಶುರು. ಹಳೆಯದೆಲ್ಲ ಹೊಟ್ಟೆಯಿಂದ ಖಾಲಿಯಾಗಲು ಕಾದು, ಹೊಸ ಕಾಯಿ ಎಣಿಸಿ ಕೊಟ್ಟಳು. ಈ ಸಲ ಕಾಲೇಜಿಗೆ ರಜೆ ಹಾಕಿ ಕೊಟ್ಟಿಗೆಯ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಳು. ಎರಡು ದಿನ ಎಲ್ಲ ಸರಿಯಾಗಿ ನಡೆಯಿತು. ಮೂರನೆಯ ದಿನ ಬಸ್ಸು ತಡವಾಗಿ ಬರುವಷ್ಟರಲ್ಲಿ ಕೊಟ್ಟಿಗೆ ಬರಿದಾಗಿತ್ತು. ಹಸು ರಸ್ತೆ ಬದಿಯಲ್ಲಿ, ಮಳೆಮರದ ಬುಡದಲ್ಲಿ, ಬಿದ್ದ ಕಾಯಿಯನ್ನು ನೆಮ್ಮದಿಯಾಗಿ ಆರಿಸಿಕೊಂಡು ತಿನ್ನುತ್ತಿತ್ತು. ಹಗ್ಗ ಹಿಡಿದು ಶಾಂತಮೂರ್ತಿ ನಿಂತಿದ್ದ.

"ಕಟ್ಟಾಕಿ ಕಟ್ಟಾಕಿ ಅದ್ಕೂ ಬ್ಯಾಸ್ರ ಆಗಿತ್ತು. ಎಂಗೂ ಇದೇ ಕಾಯಲ್ವಾ ನೀನು ಕೊಡದು?" ಎಂದ.

ವಾಣಿಶ್ರೀಗೆ ತಡೆಯಲಾಗಲಿಲ್ಲ. ರಸ್ತೆಯಲ್ಲೇ ಅವನನ್ನು ಬೈದಳು. ಚನ್ನಮಲ್ಲಮ್ಮ ಓಡಿ ಬಂದಾಗ ಅವರನ್ನೂ ಬಿಡಲಿಲ್ಲ. "ಒಂದು ಮಾತು ಹೇಳಿದರೆ ಅದರ ಪ್ರಕಾರ ಮಾಡೋಕೆ ನಿಮ್ಮ ಮನೇಲಿ ಯಾರಿಗೂ ಬರಲ್ವಾ?" ಎಂದುಬಿಟ್ಟಳು.

ಚನ್ನಮಲ್ಲಮ್ಮನ ಮುಖ ಇಳಿಯಿತು. ಮಗನ ಕೈಯಿಂದ ಹಗ್ಗ ತೆಗೆದುಕೊಂಡು, "ಆಯ್ತು ಕನವ್ವ. ನಾಳಿಂದ ಬರ್ಬ್ಯಾಡಿ" ಎಂದು ಹಸುವನ್ನು ಹೊಡೆದುಕೊಂಡು ಹೊರಟುಹೋದರು.

ಬಸ್ಸಿನಲ್ಲಿ ಕೂತ ಮೇಲೆ ಅವಳಿಗೆ ತನ್ನ ಮೇಲೂ ಸಿಟ್ಟು ಬಂತು. ಆದರೆ ಇಳಿದು ವಾಪಸು ಹೋಗುವಷ್ಟು ಬರಲಿಲ್ಲ. ಅಷ್ಟರಲ್ಲಿ ಕಾಯಿ ಉದುರುವ ಕಾಲವೂ ಮುಗಿಯಿತು. ಗೈಡ್‌ಗೆ ಫೋನ್ ಮಾಡಿದಳು. "ಮುಂದಿನ ವರ್ಷ ನೋಡೋಣ" ಎಂದು ಅವರು ಒಂದು ವರ್ಷವನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಟ್ಟರು.

ಮಳೆ ಹಿಡಿದು ಒಂದು ತಿಂಗಳಾಗಿರಬೇಕು, ಚನ್ನಮಲ್ಲಮ್ಮನ ಫೋನ್ ಬಂತು.

"ಮೇಡಮ್ನೋರೇ, ನಿಮ್ಮ ಕಾಯಿ ನಮ್ಮ ಒಲ ಆಳ್ಮಾಡ್ಬುಟ್ಟದ. ಬಂದು ನೋಡಿ."

ಹೋಗಿ ನೋಡಿದರೆ ಅರಿಶಿನದ ಹೊಲದ ತುಂಬ ಮಳೆಮರದ ಸಸಿ. ಬೇಸಿಗೆಯಲ್ಲಿ ತಿಪ್ಪೆಗೆ ಹೋದ ಸಗಣಿ ಗೊಬ್ಬರವಾಗಿ ಹೊಲಕ್ಕೆ ಬಂದು, ಸಾಲುಸಾಲಿಗೂ ಮೊಳೆತು ನಿಂತಿತ್ತು. ಶಾಂತಮೂರ್ತಿ ಸೊಂಟ ಹಿಡಿದುಕೊಂಡು ಕೀಳುತ್ತಿದ್ದ. ಅವಳನ್ನು ನೋಡಿ ಮತ್ತೆ ಸಾಲಿಗೆ ಬಗ್ಗಿದ.

ವಾಣಿಶ್ರೀ ಚಪ್ಪಲಿ ಬಿಟ್ಟು ಸಾಲಿಗೆ ಇಳಿದಳು. ಒಂದು ಸಸಿಯನ್ನು ಬೇರುಸಹಿತ ಕಿತ್ತು ನೋಡಿದಳು. ಬುಡದಲ್ಲಿ ಒಡೆದ ಬೀಜದ ಸಿಪ್ಪೆ ಇನ್ನೂ ಅಂಟಿಕೊಂಡಿತ್ತು. ಹೊಟ್ಟೆ ದಾಟಿ, ತಿಪ್ಪೆಯ ಕಾವು ದಾಟಿ ಬಂದ ಬೀಜ. ಬೇಕೆಂದಿದ್ದದ್ದು ಇಡೀ ಹೊಲದಲ್ಲಿ ಬೆಳೆದಿತ್ತು. ಆದರೆ ಯಾವುದು ತಾನು ಕೊಟ್ಟ ಕಾಯಿಯದು, ಯಾವುದು ಪಕ್ಕದ ಮನೆಯ ಹಸುವಿನದು, ಯಾವುದು ರಸ್ತೆ ಬದಿಯದು ಎಂದು ಹೇಳುವವರು ಯಾರು? ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಅವತ್ತು ಹಾಗೆ ಮಾತಾಡಬಾರದಿತ್ತು ಅಮ್ಮಾ" ಎಂದಳು.

"ಮಾತಾಡುದ್ರಿ, ಆಯ್ತು. ಈಗ ಕಳ ಕೀಳಿ" ಎಂದರು ಚನ್ನಮಲ್ಲಮ್ಮ.

ಮಧ್ಯಾಹ್ನದವರೆಗೂ ಮೂವರೂ ಕಿತ್ತರು. ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಬದುವಿನ ಮೇಲೆ ಕೂತಾಗ ಚನ್ನಮಲ್ಲಮ್ಮ ಮೊದಲ ಸಲ ಕೇಳಿದರು, ಇದೆಲ್ಲ ಯಾವ ಪ್ರಾಣಿಗೋಸ್ಕರ ಎಂದು. ವಾಣಿಶ್ರೀ ಹೇಳಿದಳು. ಕಾಯಿಯ ಬದಲು ಬೆಣಚುಕಲ್ಲು ಇಟ್ಟು, ಎರಡು ಕೈ ಮುಷ್ಟಿಯನ್ನೇ ದವಡೆ ಮಾಡಿ ತೋರಿಸಿದಳು. ಆಕೆ ಕೇಳಿಸಿಕೊಂಡು, "ಅಷ್ಟ್ ದಪ್ಪ ಪ್ರಾಣಿ ಓದ್ಮ್ಯಾಲ ಮರ ಯಾನ ಮಾಡ್ತು?" ಎಂದರು.

"ಕಾಯಿ ಬುಡದಲ್ಲೇ ಬಿದ್ದು ಕೊಳೀತಿತ್ತು ಅಂತಾರೆ. ಎಷ್ಟೋ ಸಾವಿರ ವರ್ಷ ಆದ ಮೇಲೆ ಹಡಗಿನಲ್ಲಿ ಬಂದ ಹೊರಗಿನವರು ಅಲ್ಲಿಗೆ ದನ ತಂದರು."

"ಪಾಪ" ಎಂದರು ಚನ್ನಮಲ್ಲಮ್ಮ. ಮರಕ್ಕೆ ಹೇಳಿದರೋ ದನಕ್ಕೆ ಹೇಳಿದರೋ ತಿಳಿಯಲಿಲ್ಲ.

ಮುಂದಿನ ಬೇಸಿಗೆಗೆ ಆಕೆಯೇ ಕರೆಸಿಕೊಂಡರು. ಕೊಟ್ಟಿಗೆಯ ಬಾಗಿಲಿಗೆ ಗೋಣಿತಾಟು ಇಳಿಬಿಟ್ಟು, ಒಂದು ವಾರ ಹಸುವನ್ನು ಹೊರಗೆ ಬಿಡದೆ, ಪೊರಕೆಯನ್ನೂ ಮುಟ್ಟದೆ ಕಾದರು. ವಾಣಿಶ್ರೀ ಸಗಣಿ ತೊಳೆದು, ಜರಡಿ ಹಿಡಿದು, ಬೀಜ ಎಣಿಸಿ, ಮೊಳಕೆ ಬರಿಸಿ ಗೈಡ್‌ಗೆ ಕಳಿಸಿದಳು. ಅವರು ನೋಡಿದರು, ಚೆನ್ನಾಗಿದೆ ಎಂದರು. ಆಮೇಲೆ, ಒಂದೇ ಹಸುವಿನಿಂದ ಏನನ್ನೂ ಹೇಳಲಾಗದು, ಎಮ್ಮೆಯೂ ಬೇಕು ಎಂದರು.

ಅವಳು ಫೋನ್ ಇಟ್ಟು ಮಧುವನಹಳ್ಳಿಯ ಬಸ್ಸು ಹತ್ತಿದಳು.

"ಕಾಮಗೆರೇಲಿ ನನ್ನ ತಂಗಿ ಮಹಾದೇವಮ್ಮನ ಮನೇಲಿ ಎಮ್ಮ ಅವ" ಎಂದರು ಚನ್ನಮಲ್ಲಮ್ಮ, ವಿಷಯ ತಿಳಿದಾಗ. "ನಾನೂ ಬತ್ತೀನಿ. ನಿಮ್ಗ ಜನಕ್ಕ ಯೋಳಾಕ ಬರದಿಲ್ಲ."

ಭಾನುವಾರ ಇಬ್ಬರೂ ಹನೂರಿನ ಬಸ್ಸು ಹತ್ತಿದರು. ಪಕ್ಕದ ಸೀಟಿನ ಹೆಂಗಸು ಎಲ್ಲಿಗೆ ಹೊರಟಿರಿ ಎಂದು ಕೇಳಿದ್ದೇ ತಡ, ಚನ್ನಮಲ್ಲಮ್ಮ ಶುರುಮಾಡಿದರು. "ಆನೆ ಗಾತ್ರದ್ದು ಕನವ್ವ, ಮರ ಅತ್ಕಂಡು ಮಲಿಕತ್ತಿತ್ತಂತ."

"ಮರ ಹತ್ತುತ್ತಿರಲಿಲ್ಲ ಅಮ್ಮಾ, ನೆಲದ ಮೇಲೇ ಇರ್ತಿತ್ತು" ಎಂದಳು ವಾಣಿಶ್ರೀ.

"ಅದೇಯಾ ನಾನೂ ಯೋಳ್ತಿರದು" ಎಂದು ಚನ್ನಮಲ್ಲಮ್ಮ ಮತ್ತೆ ಆ ಹೆಂಗಸಿನ ಕಡೆ ತಿರುಗಿದರು. "ಒಂದ್ಕಿತ ಅತ್ತುದ್ರ ಮೂರ್ದಿನ ಇಳೀತಿರ್ನಿಲ್ವಂತ."

ವಾಣಿಶ್ರೀ ಬಾಯಿ ತೆರೆದವಳು ಮುಚ್ಚಿಕೊಂಡು ಕಿಟಕಿಯ ಹೊರಗೆ ನೋಡತೊಡಗಿದಳು.