ನಿಂತು ಮಾತಾಡಿಸಿ ಓಡಬೇಕಾದ ಊರು

ಬೆನ್ನ ಹಿಂದೆ ನಾಲ್ಕೈದು ಜನ ಓಡಿ ಬರುತ್ತಿದ್ದರು. ಎಲ್ಲರ ಕೈಯಲ್ಲೂ ಮೊಳದುದ್ದದ ಮಚ್ಚು. ನಾನು ಆ ದೇಶಕ್ಕೆ ಬಂದು ವಾರವೂ ಆಗಿರಲಿಲ್ಲ. ಎರಡೂ ಕಡೆ ಆಳೆತ್ತರ ಬೆಳೆದ ಕಬ್ಬು, ನಡುವೆ ಕೆಂಪು ಮಣ್ಣಿನ ಹಾದಿ, ಕೂಗಿದರೆ ಓಗೊಡಲು ಒಂದು ನರಪಿಳ್ಳೆಯಿಲ್ಲ. ನಾನು ಓಟ ಜೋರು ಮಾಡಿದೆ. ಅವರೂ ಜೋರು ಮಾಡಿದರು. ಜೀವ ಬಾಯಿಗೆ ಬಂತು. ಯಾ ಅಲ್ಲಾ, ಹುಟ್ಟಿದಾಗಿನಿಂದ ಕಬ್ಬು ನೋಡಿದವನು, ಸಾಯುವುದಕ್ಕೂ ಸಮುದ್ರ ದಾಟಿ ಕಬ್ಬಿಗೇ ಬರಬೇಕಿತ್ತೇ ಅಂದುಕೊಳ್ಳುವಷ್ಟರಲ್ಲಿ ಕಾಲುವೆ ಕಾಣದೆ ಮುಗ್ಗರಿಸಿ ಬಿದ್ದೆ.

ಅವರು ಬಂದರು. ಮಚ್ಚುಗಳನ್ನು ಬದಿಗಿಟ್ಟು ನನ್ನ ರಟ್ಟೆ ಹಿಡಿದು ಎತ್ತಿದರು. ಒಬ್ಬ ನನ್ನ ಮೊಣಕಾಲಿನ ಮಣ್ಣು ಒರೆಸಿದ. ಇನ್ನೊಬ್ಬ ಮೂಗು ಮೇಲೆತ್ತಿ ಗಾಳಿಯ ವಾಸನೆ ಹಿಡಿಯುತ್ತ ಒಂದೇ ಮಾತು ಕೇಳುತ್ತಿದ್ದ: "ಮೋಟೊ ಉಕೊ ವಾಪಿ?" ನನಗೆ ತಿಳಿಯಲಿಲ್ಲ. ಕೈಮುಗಿದು ನಿಂತೆ.

ಕಾರ್ಖಾನೆಗೆ ಮರಳಿದ ಮೇಲೆ ನನ್ನ ಕೈಕೆಳಗಿನ ಆಪರೇಟರ್ ಹಮಿಸಿ ಹೊಟ್ಟೆ ಹಿಡಿದು ನಕ್ಕು ಅರ್ಥ ಹೇಳಿದ. 'ಬೆಂಕಿ ಎಲ್ಲಿದೆ?' ಅಂತ ಆ ಕಬ್ಬು ಕಡಿಯುವವರು ಕೇಳಿದ್ದು. ಕಬ್ಬಿನ ಹಾದಿಯಲ್ಲಿ ಮನುಷ್ಯ ಓಡುತ್ತಿದ್ದಾನೆ ಅಂದರೆ ಎಲ್ಲೋ ಕಬ್ಬಿಗೆ ಬೆಂಕಿ ಬಿದ್ದಿದೆ. ಕಂಡವರೆಲ್ಲ ಕೈಯಲ್ಲಿದ್ದದ್ದು ಹಿಡಿದು ಹಿಂದೆ ಓಡಬೇಕು, ಅದು ಅಲ್ಲಿಯ ರೂಢಿ. ಬೆಂಕಿಯಿಲ್ಲದೆ ಸುಮ್ಮಸುಮ್ಮನೆ ಓಡುವ ಮನುಷ್ಯನನ್ನು ಅವರು ಅಂದೇ ಮೊದಲು ನೋಡಿದ್ದು.

ಊರಿನ ಓದುಗರಿಗೆ ನನ್ನ ಪರಿಚಯ ಹೇಳಬೇಕು. ನಾನು ಮುನವಳ್ಳಿಯ ದಾವಲಸಾಬ. ಬೈಲಹೊಂಗಲದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ರಸವನ್ನು ಕುದಿಸಿ ಹರಳುಗಟ್ಟಿಸುವ ಪ್ಯಾನಿನ ಮುಂದೆ ಅರ್ಧ ಆಯುಷ್ಯ ಕಳೆದವನು. ಈಗ ತಾಂಜಾನಿಯಾ ದೇಶದ ಒಳನಾಡಿನ ಕಾರ್ಖಾನೆಯೊಂದರಲ್ಲಿ ಅದೇ ಕೆಲಸ. ನಮ್ಮಲ್ಲಿ ಕಬ್ಬು ಅರೆಯುವ ಹಂಗಾಮು ಮುಗಿದು ಬಿಸಿಲು ಏರುವಾಗ ಅಲ್ಲಿ ದೊಡ್ಡ ಮಳೆ. ಆ ಮಳೆ ನಿಂತ ಮೇಲೆ ಅಲ್ಲಿಯ ಹಂಗಾಮು. ಅಲ್ಲಿಯ ಮಳೆಗಾಲದಲ್ಲಿ ಗಿರಣಿ ನಿಂತಾಗ ನಾನು ಊರಿಗೆ ಬರುತ್ತೇನೆ.

ಓಟದ ಹುಚ್ಚು ನನಗೆ ಶೋಕಿಗೆ ಹತ್ತಿದ್ದಲ್ಲ. ನಮ್ಮಪ್ಪ ಕಬ್ಬಿನ ಲಾರಿ ಓಡಿಸುತ್ತಿದ್ದರು. ಸಕ್ಕರೆ ಕಾಯಿಲೆ ಅವರ ಎಡಗಾಲನ್ನು ಮೊಣಕಾಲಿನ ಕೆಳಗೆ ತಿಂದು ಹಾಕಿತು. ಕ್ಲಚ್ ತುಳಿಯುತ್ತಿದ್ದ ಕಾಲು ಅದು. ನನ್ನ ರಕ್ತದಲ್ಲೂ ಸಕ್ಕರೆ ಕಂಡಾಗ ಸವದತ್ತಿಯ ಡಾಕ್ಟರು, "ನೋಡ್ರಿ, ಅಪ್ಪನ ಹಾದಿ ಹಿಡೀಬಾರದಂದ್ರ ದಿನಾ ಓಡ್ರಿ. ಗುಳಿಗಿ ಒಂದ ಸಾಲೂದಿಲ್ಲ" ಅಂದರು. ಅಂದಿನಿಂದ ಓಡುತ್ತಿದ್ದೇನೆ. ಪರದೇಶಕ್ಕೆ ಹೊರಟಾಗ ನನ್ನ ಹೆಂಡತಿ ಹಸೀನಾ ಇಟ್ಟ ಕರಾರೂ ಅದೊಂದೇ: "ಎರಡು ಕಾಲಿಂದ ಹೋಗಾಕತ್ತೀರಿ, ಎರಡೂ ಕಾಲು ತಗೊಂಡ ಬರ್ರಿ."

ಮುನವಳ್ಳಿಯಲ್ಲಿ ಓಡುವುದು ಅಷ್ಟೇನೂ ಸುಲಭವಲ್ಲ, ನಿಮಗೇ ಗೊತ್ತು. ಸವದತ್ತಿ ರಸ್ತೆಗೆ ಇಳಿದರೆ ಸಾಕು, ಬೈಕಿನವರು ನಿಲ್ಲಿಸಿ "ಹತ್ರಿ ಮಾಮಾ, ಬಿಡ್ತೇನಿ" ಅನ್ನುತ್ತಾರೆ. ಬೇಡ ಅಂದರೆ ಅವರಿಗೆ ಬೇಸರ. ಚಹಾದಂಗಡಿಯಿಂದ "ಏನ ನಾಯಿ ಬೆನ್ನ ಹತ್ತೇತೇನ್ರಿ?" ಅನ್ನುವ ಮಾತು ತಪ್ಪುವುದಿಲ್ಲ. ಎಲ್ಲರಿಗೂ ಒಂದು ಕೈ ಎತ್ತಿದರೆ ಮುಗಿಯಿತು. ಹಿರಿಯರಿರಲಿ, ಬೀಗರಿರಲಿ, ಹಾದಿಯಲ್ಲಿ ಕೈ ಎತ್ತುವುದೇ ನಮ್ಮ ಮರ್ಯಾದೆ. ಬಸ್ಸಿನ ಡ್ರೈವರ್ ಎದುರು ಬಸ್ಸಿನ ಡ್ರೈವರನಿಗೆ ಎತ್ತುತ್ತಾನಲ್ಲ, ಹಾಗೆ. ಆ ಎತ್ತಿದ ಕೈ ನನ್ನನ್ನು ಎಂಥ ಫಜೀತಿಗೆ ನೂಕಿತು ಅನ್ನುವುದನ್ನು ಮುಂದೆ ಹೇಳುತ್ತೇನೆ.

ಇರಲು ಕಾರ್ಖಾನೆಯ ಒಳಗೇ ತಗಡಿನ ಮನೆ ಕೊಟ್ಟರು. ಊಟಕ್ಕೆ ಉಗಾಲಿ, ಅಂದರೆ ಗೋವಿನಜೋಳದ ಹಿಟ್ಟನ್ನು ನೀರಲ್ಲಿ ಕುದಿಸಿ ತಿರುವಿದ ಬೆಳ್ಳನೆಯ ಗಟ್ಟಿ ಮುದ್ದೆ. ಮೊದಲ ತುತ್ತಿಗೆ ಉಪ್ಪು ಹುಡುಕಿದೆ, ಉಪ್ಪೇ ಇರಲಿಲ್ಲ. ಜೋಳದ ರೊಟ್ಟಿ, ಶೇಂಗಾ ಹಿಂಡಿ ನೆನೆದು ಕಣ್ಣಲ್ಲಿ ನೀರು ಬಂತು. ಚಹಾಕ್ಕೆ ಅವರು ಹಾಕುವ ಸಕ್ಕರೆ ನೋಡಿದರೆ ನಮ್ಮ ಡಾಕ್ಟರು ಮೂರ್ಛೆ ಹೋದಾರು. ಪಾಳಿ ಮುಗಿಸಿ ಬಂದು ತಗಡಿನ ಕೆಳಗೆ ಕುಳಿತರೆ ಮಾತಿಗೆ ಗೋಡೆಯೇ ಗತಿ. ಇಡೀ ದಿನದಲ್ಲಿ ನಾನು ನಾನಾಗಿ ಇರುತ್ತಿದ್ದದ್ದು ಬೆಳಗಿನ ಆ ಓಟದಲ್ಲಿ ಮಾತ್ರ. ಬೆಂಕಿಯ ಗೊಂದಲ ಬಗೆಹರಿದ ಮೇಲೆ ಕಬ್ಬಿನ ಹಾದಿ ಹಿಡಿದು ಪಕ್ಕದ ಹಳ್ಳಿಯ ನಡುವೆ ಹಾದು ದಿನವೂ ಓಡಿದೆ. ಬಾಗಿಲಲ್ಲಿ ಕುಳಿತ ಹಿರಿಯರಿಗೆ, ಹಾದಿಬದಿಯಲ್ಲಿ ಸಿಹಿ ಬನ್ನು ಕರಿಯುವ ಅಜ್ಜಿಗೆ ತಪ್ಪದೆ ಕೈ ಎತ್ತಿದೆ. ಬೆರಳು ಚುಚ್ಚಿ ನೋಡುವ ಮಷೀನಿನಲ್ಲಿ ಸಕ್ಕರೆ ಇಳಿಯುತ್ತ ಬಂತು. ಗೆದ್ದೆ ಅಂದುಕೊಂಡೆ.

ಒಂದು ಮುಂಜಾನೆ ಮ್ಯಾನೇಜರ್ ಕರೆಸಿದರು. ಅವರು ಕೊಲ್ಲಾಪುರದ ಕಡೆಯವರು, ನಮ್ಮ ಗಡಿ ಕನ್ನಡ ಚೆನ್ನಾಗಿ ಬರುತ್ತದೆ.

"ದಾವಲ್, ನಾಳಿಂದ ನಿಮ್ಮ ಓಟ ಬಂದ್."

"ಯಾಕ್ರಿ ಸಾಹೇಬ್ರ?"

"ಹಳ್ಳಿ ಹಿರಿಯಾರು ಬಂದಿದ್ರು. ನಿಮ್ಮ ಮ್ಯಾಲೆ ತಕರಾರ ಐತಿ. ದಿನಾ ಅವರ ಮನಿ ಮುಂದ ಹಾದು ಅವಮಾನ ಮಾಡ್ತೀರಂತ."

ಅವಮಾನವೇ? ಯಾರೊಂದಿಗೂ ಒಂದು ಮಾತು ಆಡದ ನಾನು ಯಾರನ್ನು ಅವಮಾನ ಮಾಡಲಿ ಎಂದು ಕೇಳಿದೆ.

"ಮಾತ ಆಡೂದಿಲ್ಲ ಅನ್ನೂದ ತಕರಾರ. ಹಳ್ಳಿಯವರ ಜೋಡಿ ನಮಗ ಜಗಳ ಬ್ಯಾಡ. ಓಡೂದಿದ್ರ ಕಂಪೌಂಡ್ ಒಳಗ ಓಡ್ರಿ" ಅಂದರು.

ಕಂಪೌಂಡಿನ ಒಳಗೆ ಎಲ್ಲಿ ಓಡುವುದು? ಹಗಲೂ ರಾತ್ರಿ ಕಬ್ಬಿನ ಟ್ರ್ಯಾಕ್ಟರ್ ಸಾಲು, ಕೆಳಗೆ ಚೆಲ್ಲಿದ ಕಾಕಂಬಿಯ ಅಂಟು, ಗಾಳಿಗೆ ಹಾರುವ ಸಿಪ್ಪೆಪುಡಿ. ಎರಡು ಸುತ್ತಿಗೇ ಕೆಮ್ಮು ಹತ್ತಿತು. ವಾರ ಕಳೆಯುವಷ್ಟರಲ್ಲಿ ಮಷೀನಿನ ಅಂಕಿ ಮೇಲೇರಿತು. ಒಂದು ದಿನ ಬೂಟು ಕಳಚಿದಾಗ ಬಲಗಾಲಿನ ಬೆರಳುಗಳು ಜುಮುಗುಡುತ್ತಿದ್ದವು. ಚಿವುಟಿದರೂ ಸರಿಯಾಗಿ ತಿಳಿಯಲಿಲ್ಲ. ಅಪ್ಪನಿಗೂ ಶುರುವಾದದ್ದು ಹೀಗೇ. ಹಾಸಿಗೆಯ ಮೇಲೆ ಕುಳಿತು ನನ್ನ ಕಾಲನ್ನು ನಾನೇ ಹಿಡಿದುಕೊಂಡು ಗಟ್ಟಿಯಾಗಿ ಅತ್ತುಬಿಟ್ಟೆ.

ಹಮಿಸಿಗೆ ಎಲ್ಲ ಹೇಳಿದೆ. ಅವನು ನಗಲಿಲ್ಲ. ಪಾಳಿ ಮುಗಿದದ್ದೇ ನನ್ನನ್ನು ಹಳ್ಳಿಗೆ, ಆ ಬನ್ನು ಕರಿಯುವ ಅಜ್ಜಿಯ ಬಳಿಗೆ ಕರೆದುಕೊಂಡು ಹೋದ. ಅವಳ ಹೆಸರು ಮ್ವಾಜುಮಾ, ಊರಿಗೆಲ್ಲ ಬೀಬಿ. ಅವರಲ್ಲಿ ಬೀಬಿ ಅಂದರೆ ಅಜ್ಜಿ, ನಮ್ಮ ಮನೆಮಾತಿನ ಹಾಗೆ ಹೆಂಡತಿಯಲ್ಲ. ತಕರಾರಿನ ಬೇರು ಅವಳೇ. ಅವಳ ಸ್ವಾಹಿಲಿಯನ್ನು ಹಮಿಸಿ ತನ್ನ ಹರಕು ಹಿಂದಿಗೆ ತಂದ. ನನ್ನ ತಲೆಯಲ್ಲಿ ಅದು ಉಳಿದಿರುವುದು ಮಾತ್ರ ನಮ್ಮೂರ ಮಾತಾಗಿಯೇ, ಹಾಗೇ ಬರೆಯುತ್ತೇನೆ.

"ನೀ ಯಾರ ಮಗ?"

ಹೇಳಿದೆ.

"ಮುಂಜಾನೆದ್ದು ಹಿರಿಯಾರನ್ನ ಕಂಡು ಸುಮ್ನ ಹೋಗಂತ ಅವರ ಕಲಿಸ್ಯಾರೇನ?"

"ಸುಮ್ನ ಹೋಗಿಲ್ಲವಾ, ದಿನಾ ಕೈ ಎತ್ತೀನಿ."

"ಕೈ ಎತ್ತೂದು ಕೋಳಿ ಓಡ್ಸಾಕ!" ಬಾಣಲೆಯ ಜಾಲರಿ ಸೌಟು ಹಿಡಿದ ಕೈಯನ್ನೇ ಎತ್ತಿ ತೋರಿಸಿದಳು. "ನಾ ಏನ ನಿನ್ನ ಕೋಳಿಯೇನ?"

ಸುತ್ತ ನೆರೆದವರು ನಕ್ಕರು. ನನ್ನ ಮುಖ ಸುಟ್ಟ ಬದನೆಕಾಯಿ ಆಯಿತು. ಮರ್ಯಾದೆ ಎಂದು ಇಷ್ಟು ದಿನ ಹಂಚಿದ್ದೆಲ್ಲ ಅವರ ಲೆಕ್ಕದಲ್ಲಿ ಬೈಗುಳವಾಗಿತ್ತು. ಆ ದೇಶದಲ್ಲಿ ಕಿರಿಯರು ಹಿರಿಯರ ಎದುರು ನಿಂತು 'ಶಿಕಮೂ' ಅನ್ನಬೇಕು. 'ನಿಮ್ಮ ಕಾಲು ಹಿಡಿಯುತ್ತೇನೆ' ಅನ್ನುವುದು ಅದರ ಹಳೆಯ ಅರ್ಥ. ಹಿರಿಯರು 'ಮರಹಬಾ' ಅಂದು ಒಪ್ಪಿಕೊಳ್ಳಬೇಕು. ಆಮೇಲೆ ಮನೆ ಹೇಗಿದೆ, ನಿದ್ದೆ ಹೇಗಾಯಿತು, ಕೆಲಸ ಹೇಗಿದೆ ಅನ್ನುವ ವಿಚಾರಣೆ. ಇದಿಲ್ಲದೆ ಹಾದುಹೋದವನು ಅವರ ಪಾಲಿಗೆ ಮನುಷ್ಯರನ್ನು ಗಿಡಗಂಟಿ ಎಂದು ತಿಳಿದವನು.

ಸಂಕೋಚ ನುಂಗಿಕೊಂಡು ಅಪ್ಪನ ಕಾಲಿನ ಕತೆ ಹೇಳಿದೆ. ನನ್ನ ಬೆರಳು ಜುಮುಗುಡುವುದನ್ನೂ ಹೇಳಿದೆ. ಬೀಬಿ ಒಲೆಯ ಕಟ್ಟಿಗೆ ಹಿಂದಕ್ಕೆಳೆದು ಬಾಗಿ ನನ್ನ ಕಾಲು ನೋಡಿದಳು.

"ಮದ್ಲ ಹೇಳಾಕ ಏನಾಗಿತ್ತ ನಿನಗ? ಕಾಲಿನ ಸಲುವಾಗಿ ಓಡ್ತಾನಂತ ಗೊತ್ತಿದ್ರ ನಾವ ನಿಂತು ಓಡಸ್ತಿದ್ವಿ."

ಮರುದಿನ ಬೀಬಿಯೇ ಹಿರಿಯರನ್ನು ಕರೆದುಕೊಂಡು ಹೋಗಿ ತಕರಾರು ವಾಪಸ್ ತೆಗೆಸಿದಳು. ನನ್ನ ಓಟ ಮತ್ತೆ ಶುರುವಾಯಿತು. ಓಟ ಅನ್ನಲು ನಾಚಿಕೆ, ಹತ್ತು ಹೆಜ್ಜೆ ಓಡಿದರೆ ಒಂದು ಬಾಗಿಲು, ಒಂದು ಶಿಕಮೂ, ಮನೆಮಂದಿಯ ಸುಖದುಃಖ. ಉಸಿರು ಹತ್ತುವ ಮೊದಲೇ ಮಾತು ಹತ್ತುತ್ತಿತ್ತು. ನನಗೆ ಒಳಗೊಳಗೇ ಸಿಟ್ಟು. ಆದರೆ ಮಾತು ಮುಗಿದದ್ದೇ ಬಾಗಿಲ ಹೆಂಗಸರು "ಕಿಂಬಿಯಾ! ಕಿಂಬಿಯಾ!" ಎಂದು ಕೂಗುತ್ತಿದ್ದರು. ಓಡು, ಓಡು ಎಂದರ್ಥ. ಕಾಲೆಳೆದರೆ ಬಿಡುತ್ತಿರಲಿಲ್ಲ. ಹಳ್ಳಿ ದಾಟಿದ ಮೇಲಿನ ದೂರವನ್ನು ಆ ಕೂಗಿನ ಹೆದರಿಕೆಗೇ ಓಡಿ ಮುಗಿಸುತ್ತಿದ್ದೆ. ಸಕ್ಕರೆ ಇಳಿಯಿತು. ಬೆರಳುಗಳಿಗೆ ನಿಧಾನವಾಗಿ ಸ್ಪರ್ಶ ಮರಳಿತು. ಫೋನಿನಲ್ಲಿ "ಬೀಬಿ ನನ್ನ ಕಾಲ ಉಳಿಸಿದ್ಲು" ಅಂದಾಗ ಹಸೀನಾ ಬೆಚ್ಚಿಬಿದ್ದು, "ಯಾವ ಬೀಬಿರಿ ಅಕಿ?" ಎಂದು ಕೇಳಿದಳು. ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು.

ಹಂಗಾಮು ಅರ್ಧ ಆಗಿರಬೇಕು, ಮಲೇರಿಯಾ ಬಂತು. ಎರಡು ದಿನ ಎಚ್ಚರವಿಲ್ಲದೆ ಮಲಗಿದ್ದೆ. ಮೂರನೆಯ ದಿನ ಬೆಳಿಗ್ಗೆ ಗೇಟಿನ ವಾಚಮನ್ ಓಡುತ್ತ ಬಂದ. ಹಳ್ಳಿಯ ಜನ ಗುಂಪು ಕಟ್ಟಿ ಬಂದಿದ್ದಾರೆ, ನಿಮ್ಮನ್ನೇ ಕೇಳುತ್ತಿದ್ದಾರೆ ಅಂದ. ಮತ್ತೇನು ತಪ್ಪು ಮಾಡಿದೆನಪ್ಪಾ ಎಂದು ಗೋಡೆ ಹಿಡಿದು ಗೇಟಿನವರೆಗೆ ಹೋದೆ.

ಮುಂದೆ ಬೀಬಿ. ಅವಳ ಹಿಂದೆ ನಾನು ದಿನವೂ ಶಿಕಮೂ ಅನ್ನುವ ಹಿರಿಯರಲ್ಲಿ ಅರ್ಧ ಜನ. ಒಬ್ಬರ ಕೈಯಲ್ಲಿ ಪಪ್ಪಾಯ, ಒಬ್ಬರ ಕಂಕುಳಲ್ಲಿ ಕಾಲು ಕಟ್ಟಿದ ಕೋಳಿ. ಆ ಮುದಿಕಾಲುಗಳು ಕಬ್ಬಿನ ಹಾದಿಯನ್ನೆಲ್ಲ ನಡೆದು ಬಂದಿದ್ದವು. ನನ್ನನ್ನು ಕಂಡದ್ದೇ ಬೀಬಿ ಬೈದಳು.

"ಸತ್ತೀಯೋ ಬದುಕೀಯೋ ಅಂತ ಹೇಳಿ ಕಳಸಾಕ ಬರೂದಿಲ್ಲೇನ? ಎರಡ ದಿನ ಆತು, ನಮಗ ಶಿಕಮೂ ಅನ್ನಾಂವ ಬಂದಿಲ್ಲ."

ಯಾರು ಇವರು? ನನ್ನ ಜಾತಿಯೇ, ಬಳಗವೇ, ಭಾಷೆಯೇ? ಶಿಕಮೂ ಅನ್ನಲು ಹೋಗಿ ಬಿಕ್ಕಿ ಅತ್ತೆ. ಅವಳು ಅಳು ಮುಗಿಯುವವರೆಗೂ ಕಾದು, ಮರಹಬಾ ಅಂದಳು.

ಮಳೆ ಹಿಡಿದು ಗಿರಣಿ ನಿಂತಿತು, ನಾನು ಊರಿಗೆ ಬಂದೆ. ಮರುದಿನವೇ ಸವದತ್ತಿ ರಸ್ತೆಗೆ ಓಡಲು ಇಳಿದೆ. ಎರಡೂ ಕಾಲು ನೆಟ್ಟಗಿರುವ ಖುಷಿ ಬೇರೆ. ಕಟ್ಟೆಯ ಮೇಲಿದ್ದ ಬಸಪ್ಪಜ್ಜನನ್ನು ಕಂಡದ್ದೇ ಕಾಲು ತಾನಾಗಿ ನಿಂತಿತು. ಸನಿಹ ಹೋಗಿ ಸಲಾಮ್ ಮಾಡಿ, ನಿದ್ದೆ ಹೇಗಾಯಿತು, ಸೊಸೆ ಮಕ್ಕಳು ಆರಾಮೇ ಎಂದು ಕೇಳಿದೆ. ಅಜ್ಜ ಕಣ್ಣು ಕಿರಿದು ಮಾಡಿ ನನ್ನನ್ನು ಕೆಳಗಿನಿಂದ ಮೇಲಿನವರೆಗೂ ನೋಡಿದ.

"ಯಾವ ವಾರ್ಡಿಗೆ ನಿಂತಿ?"

ಮುಂದಿನ ಕಟ್ಟೆಯಲ್ಲೂ ಅದೇ ಅನುಮಾನ. ಒಬ್ಬಾಕೆಯಂತೂ, "ನಮ್ಮ ಮನ್ಯಾಗ ಐದ ವೋಟ ಅದಾವ, ನೆನಪಿಡಪಾ" ಅಂದಳು. ನಕ್ಕೆ. ಆದರೂ ಮನಸ್ಸಿಗೆ ಚುಚ್ಚಿತು. ಮಾತಾಡಿಸಲು ಕಾರಣವೊಂದು ಬೇಕು ಅನ್ನುವ ಊರೇ ನನ್ನದು? ನಾಲ್ಕು ದಿನಕ್ಕೆ ನಾನೂ ಮತ್ತೆ ಕೈ ಎತ್ತುವುದಕ್ಕೆ ಬಂದೆ.

ಆಮೇಲೆ ಮೊಣಕಾಲು ಬಾತು ಓಟ ನಿಂತಿತು. ಬೆಳಿಗ್ಗೆ ಎದ್ದು ಬಾಗಿಲ ಕಟ್ಟೆಯ ಮೇಲೆ ಕುಳಿತೆ. ಓಣಿಯ ಜನ ಬಂದರು, ಹೋದರು, ಕೈ ಎತ್ತಿದರು. ಮರುದಿನವೂ ಹಾಗೇ ಕುಳಿತೆ. ನನ್ನ ಜನ ಕೆಟ್ಟವರಲ್ಲ, ಹೆಣ ಎತ್ತಲು ಕರೆದರೆ ಕೈಯ ತುತ್ತು ಬಿಟ್ಟು ಬರುವವರು. ಆದರೆ ಯಾಕೆ ಓಡಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

"ಯಾರ ಹಾದಿ ನೋಡಾಕತ್ತೀರಿ?" ಹಸೀನಾ ಒಳಗಿನಿಂದ ಕೇಳಿದಳು. ಕಬ್ಬಿನ ಹಾದಿ ನಡೆದು ಬಂದಿದ್ದ ಆ ಮುದಿಕಾಲುಗಳ ಹಾದಿ ಎಂದು ಹೊಳೆದದ್ದೇ ಮೊಣಕಾಲು ನೀವಿಕೊಳ್ಳತೊಡಗಿದೆ.

ಅಷ್ಟರಲ್ಲಿ ಹಮಿಸಿಯ ಫೋನು ಬಂತು. ಬೀಬಿ ಪಕ್ಕದಲ್ಲೇ ಇದ್ದಳು. ಈಗ ನನಗೆ ಅವಳ ಮಾತಿಗೆ ಯಾರ ಹಿಂದಿಯೂ ಬೇಕಿಲ್ಲ. ಶಿಕಮೂ ಅಂದೆ, ಮರಹಬಾ ಅಂದಳು. ಕಾಲು ಹೇಗಿದೆ ಎಂದು ಕೇಳಿದಳು. ಮೊಣಕಾಲು ಬಾತದ್ದು ಹೇಳಿದೆ.

"ಅಯ್ಯ! ಹಂಗಾರ ಮನ್ಯಾಗ ಭಾಳ ಜನ ಬಂದಿರಬೇಕಲ್ಲ ನಿನ್ನ ಮಾತಾಡ್ಸಾಕ?"

ಓಣಿಯ ಕಡೆ ನೋಡಿದೆ. ಅಲ್ಲಿ ಒಂದು ಬೈಕು ಹಾದು ಹೋಯಿತು, ಸವಾರ ಕೈ ಎತ್ತಿದ.

"ಹೌದು ಬೀಬಿ, ಎಲ್ಲಾರೂ ಬಂದಾರ. ಕುಂಡ್ರಾಕ ಜಾಗಾ ಇಲ್ಲ" ಅಂದೆ. ಊರ ಮಾನದ ಪ್ರಶ್ನೆ ಅದು.

ಫೋನು ಇಟ್ಟ ಮೇಲೆ ಹಸೀನಾ ಸೆರಗಿಗೆ ಕೈ ಒರೆಸುತ್ತ ಹೊರಗೆ ಬಂದಳು. "ಏನಂದ್ಲರಿ ನಿಮ್ಮ ಬೀಬಿ? ಯಾವಾಗ ಬರ್ತಿ ಅಂತ ಕೇಳಿದ್ಲೇನ?"

"ಇಲ್ಲ. ಅಲ್ಲೇ ಇರು, ನಿನ್ನ ಮಂದಿ ಜೋಡಿ ಆರಾಮ ಇರು ಅಂದ್ಲು" ಅಂದೆ. ಅದೂ ಸುಳ್ಳು.