ಸುನಂದಕ್ಕನ ಗಿಳಿ

ಆ ಗಿಳಿಯನ್ನು ಹೊಲಿದವರು ನೀವಲ್ಲ, ಸುನಂದಕ್ಕ. ನಾನು. ನಿಮ್ಮ ಗಿಳಿಯನ್ನು ಬಿಚ್ಚಿ ಹಾಕಿ, ಅದೇ ಜಾಗದಲ್ಲಿ ನನ್ನದನ್ನು ಹೊಲಿದು, ನಿಮ್ಮದೆಂದು ನಿಮ್ಮನ್ನೇ ನಂಬಿಸಿದೆ. ಇಷ್ಟು ವರ್ಷ ಭಾನುವಾರ ಭಾನುವಾರ ನಿಮ್ಮ ಪಕ್ಕದಲ್ಲೇ ಕುಳಿತಿದ್ದರೂ ಹೇಳಲು ನನಗೆ ನಾಲಿಗೆ ಏಳಲಿಲ್ಲ.

ಎಲ್ಲಿಂದ ಶುರು ಮಾಡಲಿ — ನೀವು ಮೊದಲ ಸಲ ನನ್ನ ಕೈಗೆ ಸೂಜಿ ಕೊಟ್ಟಲ್ಲಿಂದಲೇ ಹೇಳಬೇಕು. ಮದುವೆಯಾಗಿ ಪಾಣೆಮಂಗಳೂರಿಗೆ ಬಂದಾಗ ನಾನಿನ್ನೂ ಚಿಕ್ಕವಳು. ಇವರು ಗಲ್ಫಿಗೆ ಹೋದ ಮೇಲೆ ಮಧ್ಯಾಹ್ನಗಳೆಂದರೆ ನನಗೆ ಭಯ. ಪಕ್ಕದ ಬಾಡಿಗೆ ಮನೆಯಲ್ಲಿದ್ದ ನೀವು, ಶಾಲೆಯ ಟೀಚರು, ಕಂಪೌಂಡಿನ ಆಚೆಯಿಂದ ಕರೆದು ಒಂದು ತುಂಡು ಬಟ್ಟೆ ಕೊಟ್ಟಿರಿ. ಸರಪಳಿ ಹೊಲಿಗೆ ಕಲಿಸಿದಿರಿ. ನಾನು ಹೊಲಿದದ್ದು ಎಷ್ಟೇ ಸೊಟ್ಟಗಿದ್ದರೂ ನೀವು ಒಮ್ಮೆಯೂ ಬಿಚ್ಚಲಿಲ್ಲ. ಮುಂದಿನದ್ದು ನೆಟ್ಟಗೆ ಬರ್ತದೆ ಎನ್ನುತ್ತಿದ್ದಿರಿ. ಈಗ ಅದನ್ನು ನೆನೆದರೆ — ಇರಲಿ.

ಮೆಲ್ಲಗೆ ಎದುರು ಮನೆಯ ವಿಮಲಾಳೂ ಬಂದು ಸೇರಿದಳು. ಹಳೆಯ ಸೀರೆಯ ಕಾಲೊರೆಸು, ಮಣಿಯ ಬಾಗಿಲುತೋರಣ, ತಲೆದಿಂಬಿನ ಕವರು — ನಮ್ಮ ಚಾವಡಿಯಲ್ಲಿ ಏನೇನು ಹುಟ್ಟಲಿಲ್ಲ! ಸೂರ್ಯ ಮುಳುಗಿದ ಮೇಲೆ ನೀವು ಏನನ್ನೂ ತಿನ್ನುವವರಲ್ಲ. ಅದಕ್ಕೆ ನಮ್ಮ ಮನೆಯಲ್ಲಿ ಗೋಳಿಬಜೆ ಬೇಗನೆ ಆಗುತ್ತಿತ್ತು, ನೀರುಳ್ಳಿ ಮುಟ್ಟದ ಬೇರೆ ಬಾಣಲೆಯಲ್ಲಿ. ಆ ಬಾಣಲೆಗೆ ವಿಮಲಾ ಇಟ್ಟ ಹೆಸರು ‘ಟೀಚರ ಬಾಣಲೆ’. ನಿವೃತ್ತಿಯಾಗಿ ಊರಿಗೆ, ಮೂಡುಬಿದಿರೆಗೆ ಹೋದ ಮೇಲೂ ನೀವು ಬಸ್ಸು ಬದಲಿಸಿಕೊಂಡು ಬರುವುದನ್ನು ಬಿಡಲಿಲ್ಲ. ನನ್ನ ಬದುಕಿನ ಅತ್ಯಂತ ಒಳ್ಳೆಯ ಹೊತ್ತೆಂದರೆ ಅದೇ, ಸುನಂದಕ್ಕ. ಇದನ್ನೂ ನಾನು ನಿಮಗೆ ಬಾಯಿಬಿಟ್ಟು ಹೇಳಿಲ್ಲ.

ಮಗಳು ರುಬೀನಾ ಬಸುರಿಯಾದಾಗ ಮೂವರೂ ಸೇರಿ ಮಗುವಿಗೊಂದು ಹೊದಿಕೆ ಮಾಡುವುದೆಂದಾಯಿತು. ತುಂಡು ತುಂಡಾಗಿ ಹೊಲಿದು ಕೊಡುವುದು, ಕೊನೆಗೆ ಜೋಡಿಸಿ ಹಿಂದೆ ಅಸ್ತರು ಹಾಕುವ ಕೆಲಸ ನನ್ನದು. ನಿಮ್ಮ ಕಣ್ಣಿಗೆ ಆಗ ಪೊರೆ ಬಂದಿತ್ತು. ಸಕ್ಕರೆ ಇಳಿಯದೆ ಆಪರೇಷನ್ ಆಗದು ಎಂದಿದ್ದರು ಡಾಕ್ಟರು. ಆದರೂ ನೀವು ಬೆರಳಲ್ಲೇ ತಡವಿ ತಡವಿ ಒಂದು ಹಸಿರು ಗಿಳಿಯನ್ನು ಹೊಲಿದು ತಂದಿರಿ. ಕೊಕ್ಕು ಕುತ್ತಿಗೆಗೆ ಇಳಿದಿತ್ತು. ಕಣ್ಣು ತಲೆಯಿಂದ ಹೊರಗೇ ಉಳಿದಿತ್ತು.

ಮಗುವಿನ ಕೂದಲು ತೆಗೆಯುವ ದಿನ ಅಳಿಯನ ಕಡೆಯವರು ಬರುವವರಿದ್ದರು, ದೊಡ್ಡ ಮನೆಯವರು. ಅವರು ನಗುತ್ತಾರೆಂದು ಹೆದರಿದೆ. ನಿಮ್ಮ ಮಾನ ಕಾಯಲಿಕ್ಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ — ಅದು ಸುಳ್ಳು. ನಾಚಿಕೆಯಾದದ್ದು ನನಗೆ. ಒಬ್ಬಳೇ ಕುಳಿತು ನಿಮ್ಮ ನೂಲನ್ನೆಲ್ಲ ಕಿತ್ತೆ. ನೀವೇ ಕಲಿಸಿದ ಹೊಲಿಗೆಯಲ್ಲಿ ಹೊಸ ಗಿಳಿ ಮಾಡಿ, ಅಸ್ತರು ಹಾಕಿ ಮುಚ್ಚಿದೆ. ಬಂದವರೆಲ್ಲ ಹೊಗಳಿದರು. ನೀವು ಕಾಣದ ಕಣ್ಣಿನಿಂದ ನಕ್ಕಿರಿ.

ಅಷ್ಟಕ್ಕೇ ಮುಗಿದಿದ್ದರೆ! ಆಪರೇಷನ್ ಆಗಿ ಬಂದ ಮೊದಲ ಭಾನುವಾರ ನೀವು ಆ ಹೊದಿಕೆಯನ್ನು ಕೇಳಿ ತರಿಸಿಕೊಂಡಿರಿ. ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಿರಿ.

“ಇದು ನಾನು ಮಾಡಿದ್ದಾ?”

“ಮತ್ತೆ ಯಾರು ಟೀಚರೇ? ಕಣ್ಣು ಕಾಣದಾಗಲೇ ಇಷ್ಟು ಚಂದ ಉಂಟು. ಇನ್ನು ನಮ್ಮನ್ನು ಯಾರು ಕೇಳ್ತಾರೆ?” ಎಂದಳು ವಿಮಲಾ, ಏನೂ ತಿಳಿಯದೆ. ನಿಮ್ಮ ಮುಖ ಅರಳಿತು. ಹೇಳಬೇಕಾದ ಹೊತ್ತು ಅದೇ ಆಗಿತ್ತು — ನಾನೂ ಅವಳೊಂದಿಗೆ ನಕ್ಕೆ.

ಮತ್ತೆ ನೀವು ಹುರುಪಿನಿಂದ ತಲೆದಿಂಬಿಗೆ ಜೋಡಿ ಗಿಳಿ ಶುರು ಮಾಡಿದಿರಿ. ಪ್ರತಿ ವಾರ ಅದನ್ನು ಹೊದಿಕೆಯ ಗಿಳಿಯ ಪಕ್ಕದಲ್ಲಿಟ್ಟು ನೋಡುತ್ತಿದ್ದಿರಿ, ಬಿಚ್ಚುತ್ತಿದ್ದಿರಿ, ಮತ್ತೆ ಹೊಲಿಯುತ್ತಿದ್ದಿರಿ. ನಾನು ಕಿತ್ತೆಸೆದ ನಿಮ್ಮದೇ ಗಿಳಿಯ ಪಕ್ಕದಲ್ಲಿಟ್ಟಿದ್ದರೆ ಹೊಸದು ಎಷ್ಟೋ ಚಂದ ಕಾಣುತ್ತಿತ್ತು, ಸುನಂದಕ್ಕ. ನೀವು ಸೋತದ್ದು ನನ್ನ ಕೈಗೆ, ಅದೂ ಗೊತ್ತಿಲ್ಲದೆ. ಒಂದು ದಿನ ಬಟ್ಟೆ ಬಿಗಿಯುವ ರಿಂಗು, ಕತ್ತರಿ ಎಲ್ಲವನ್ನೂ ನನ್ನ ಮಡಿಲಿಗಿಟ್ಟಿರಿ.

“ಕಣ್ಣು ಬಂತು ಮಾರಾಯ್ತಿ, ಕೈ ಹೋಯಿತು. ಇದು ನಿನ್ನ ಹತ್ತಿರ ಇರಲಿ.”

ಅಂದಿನಿಂದ ನೀವು ಹೊಲಿಯಲಿಲ್ಲ. ಆದರೂ ಬರುತ್ತೀರಿ, ನಮ್ಮ ಸೂಜಿಗಳಿಗೆ ನೂಲು ಪೋಣಿಸಿ ಕೊಡುತ್ತೀರಿ, ನಮ್ಮ ಕೆಲಸ ನೋಡಿ ಸಂತೋಷಪಡುತ್ತೀರಿ. ವಿಮಲಾ ಗಿಳಿಯ ಸುದ್ದಿ ಎತ್ತಿದರೆ ಸಾಕು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ನಾನು ಚಹಾ ಮಾಡಲು ಒಳಗೆ ಓಡುತ್ತೇನೆ.

ಆ ಹೊದಿಕೆ ಹೊದ್ದು ಬೆಳೆದ ಮೊಮ್ಮಗಳು ಹಿಬಾ ಈಗ ಶಾಲೆಗೆ ಹೋಗುತ್ತಾಳೆ. ಹೋದ ಭಾನುವಾರ ಅವಳು ತನಗೂ ಗಿಳಿ ಕಲಿಸಿ ಎಂದು ನಿಮ್ಮ ಹಿಂದೆ ಬಿದ್ದಳು. ನೀವು ಅವಳ ತಲೆ ನೇವರಿಸಿ, “ನನ್ನ ಕೈ ಹೋಗಿದೆ ಮಗಾ. ನಿನ್ನ ಅಜ್ಜಿಯ ಹತ್ತಿರ ಕಲಿ, ಅವಳದ್ದು ಒಳ್ಳೆಯ ಕೈ” ಎಂದಿರಿ. ನನ್ನನ್ನು ಹೊಗಳಿದ ಆ ಮಾತು ಮುಳ್ಳಿನ ಹಾಗೆ ನಾಟಿಕೊಂಡಿದೆ. ಈ ಕೈಯನ್ನು ಮಾಡಿದವರೇ ನೀವು.

ನಿನ್ನೆ ಅಸ್ತರು ಬಿಡಿಸಿ ನನ್ನ ಗಿಳಿಯನ್ನು ಕಿತ್ತು ತೆಗೆದೆ. ಒಗೆದು ಒಗೆದು ಬಟ್ಟೆಯೆಲ್ಲ ಮಾಸಿದೆ, ಗಿಳಿಯಿದ್ದ ಜಾಗ ಮಾತ್ರ ಹೊಸದಾಗಿಯೇ ಉಳಿದಿದೆ. ಈ ಭಾನುವಾರ, ವಿಮಲಾಳ ಮುಂದೆ, ಹಿಬಾಳ ಮುಂದೆ, ಇದೆಲ್ಲವನ್ನೂ ಹೇಳುತ್ತೇನೆ. ನೀವು ಬೈದರೆ ಕೇಳುತ್ತೇನೆ. ಎದ್ದು ಹೋದರೆ ಬಸ್ಸಿನವರೆಗೆ ಹಿಂದೆ ಬರುತ್ತೇನೆ. ನೀವು ಕೊಟ್ಟದ್ದಕ್ಕೆ ನನ್ನಲ್ಲಿರುವ ಕೃತಜ್ಞತೆ ಎಷ್ಟೇ ದೊಡ್ಡದಾದರೂ ನಾನು ಕಿತ್ತುಕೊಂಡದ್ದನ್ನು ಅದು ತುಂಬಿಕೊಡದು, ಅಷ್ಟು ನನಗೆ ಗೊತ್ತು.

ನಿಮ್ಮ ರಿಂಗಿಗೆ ಆ ಖಾಲಿ ಬಟ್ಟೆಯನ್ನು ಬಿಗಿದಿಟ್ಟಿದ್ದೇನೆ. ಹಸಿರು ನೂಲು ತಂದಿದ್ದೇನೆ. ಈ ಸಲ ಸೂಜಿಗೆ ನೂಲು ಪೋಣಿಸಿ ಕೊಡುವವಳು ನಾನು, ಸುನಂದಕ್ಕ. ಕೊಕ್ಕು ಎಲ್ಲಿಗೆ ಬಂದರೂ ಅಲ್ಲೇ ಇರಲಿ.